ಉಪ್ಪಿನಕಾಯಿಗೆ ಅಲ್ಲದ ಜಾಡಿ

ಆ ಹೆಂಗಸು ಕೇಳಿದ್ದಕ್ಕೆ ನಾನು ತಲೆ ಆಡಿಸಿದೆ. ನಾನು ಮಾಡಿದ್ದು ಅಷ್ಟೇ.

ಮಲಪನಗುಡಿಯಲ್ಲಿ ತ್ರಿವೇಣಿ ಮೇಡಂ ಅವರ ಪಿಂಗಾಣಿ ಶೆಡ್ಡು ಇದೆ. ಹಿಂದೆ ಭಟ್ಟಿ, ಮುಂದೆ ರಸ್ತೆಗೆ ಮುಖ ಮಾಡಿದ ಸಣ್ಣ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಳೆತೋಟದ ಕೂಲಿಗೆ ಹೋಗುತ್ತಿದ್ದ ನನ್ನನ್ನು ಮೇಡಂ ಇಲ್ಲಿ ಸೇರಿಸಿಕೊಂಡರು. ಮಣ್ಣು ತುಳಿಯುವುದು, ನಾದುವುದು, ಗ್ಲೇಜ್ ಎಂಬ ಹೊಳಪಿನ ಲೇಪ ಹೊಯ್ಯುವುದು ನನ್ನ ಕೆಲಸ. ಮಾರುವುದು ಅವರ ಕೆಲಸ. ಹಂಪಿ ನೋಡಿಕೊಂಡು ಬರುವ ಜನರ ಎದುರು ನಿಂತರೆ ನನಗೆ ಮಾತು ಬರುವುದಿಲ್ಲ. ಅವರು ಏನು ಕೇಳಿದರೂ ತಲೆ ಆಡಿಸುತ್ತೇನೆ. ಕೇಳಿಸಿತು ಎನ್ನುವುದಕ್ಕೂ ಅದೇ, ಗೊತ್ತಿಲ್ಲ ಎನ್ನುವುದಕ್ಕೂ ಅದೇ.

ಆ ಶುಕ್ರವಾರ ಮೇಡಂ ಹೊಸಪೇಟೆಗೆ ಹೋಗಿದ್ದರು. ವಿರೂಪಾಕ್ಷನ ದರ್ಶನ ಮುಗಿಸಿ ಬಂದ ಒಂದು ಬೊಲೆರೊ ಅಂಗಡಿ ಮುಂದೆ ನಿಂತಿತು. ಎಂಟು ಜನ ಇಳಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅವರಲ್ಲಿ ಹಿರಿಯ ಹೆಂಗಸು ನೇರವಾಗಿ ಮೂಲೆಯ ಕಪಾಟಿಗೆ ಹೋಗಿ ನೀಲಿ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ, ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಗೊಟ್ಟು ಕೇಳಿದಳು.

“ಮಸ್ತ್ ಐತಿ. ಏನವಾ, ಇದರಾಗ ಉಪ್ಪಿನಕಾಯಿ ಹಾಕಬೌದಲ್ಲ? ನಮ್ಮ ಸೊಸಿ ಬಸರಿ ಅದಾಳ. ಮೂರು ಹೊತ್ತೂ ಉಪ್ಪಿನಕಾಯಿ ಇಲ್ಲಂದ್ರ ತುತ್ತು ಇಳಿಯಂಗಿಲ್ಲ ಆಕಿಗೆ.”

ಎಂಟು ಜನವೂ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ.

ಅವಳ ಮಗ ಫೋನು ಹಿಡಿದು ದುಡ್ಡು ಹಾಕಿದ. ಜಾಡಿಯನ್ನು ಗಾಡಿಯಲ್ಲಿದ್ದ ಖಾಲಿ ಅಕ್ಕಿ ಚೀಲದಲ್ಲಿ ಸುತ್ತಿಕೊಂಡು ಹೋದರು. ಗಾಡಿಯ ಧೂಳು ಅಡಗಿದ ಮೇಲೆ ನನ್ನ ಬಾಯಿಗೆ ಮಾತು ಬಂತು. “ಬ್ಯಾಡ್ರಿ” ಎಂದೆ, ಖಾಲಿ ರಸ್ತೆಗೆ.

ಆ ಕಪಾಟಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಬೋರ್ಡು ಇದೆ. ಇವು ನೋಡುವುದಕ್ಕೆ ಮಾತ್ರ, ತಿನ್ನುವ ಪದಾರ್ಥ ಹಾಕಬಾರದು ಎಂದು ಅದರ ಅರ್ಥ. ಮೇಡಂ ಹೇಳಿದ್ದರಿಂದ ನನಗೆ ಗೊತ್ತು. ಆ ನೀಲಿ ಬರಬೇಕಾದರೆ ಗ್ಲೇಜಿಗೆ ತಾಮ್ರದ ಪುಡಿಯ ಜೊತೆ ಬೇರಿಯಂ ಎಂಬ ಬಿಳಿ ಪುಡಿ ಹಾಕಬೇಕು. ಅದನ್ನು ತೂಗುವಾಗ ಮೇಡಂ ನನಗೆ ಮಾಸ್ಕು, ಕೈಗವಸು ಎರಡನ್ನೂ ಹಾಕಿಸುತ್ತಾರೆ. “ಇದನ್ನ ಇಲಿ ಪಾಷಾಣಕ್ಕೂ ಹಾಕ್ತಿದ್ರು, ಹುಷಾರು” ಅಂದಿದ್ದರು ಮೊದಲ ದಿನವೇ. ಒಮ್ಮೆ ಅದೇ ಬಣ್ಣದ ತಟ್ಟೆಯ ಮೇಲೆ ಅರ್ಧ ನಿಂಬೆಹೋಳು ಬೋರಲು ಹಾಕಿ ತೋರಿಸಿದ್ದರು. ಮರುದಿನ ಎತ್ತಿದಾಗ ತಟ್ಟೆಯ ಮೇಲೆ ಬಿಳಿಚಿದ ಗುಂಡನೆಯ ಕಲೆ ಇತ್ತು, ನಿಂಬೆಯ ಮುಖ ಹಸಿರಾಗಿತ್ತು. ಹುಳಿ ತಾಗಿದರೆ ಬಣ್ಣ ಬಿಟ್ಟುಕೊಡುತ್ತದೆ. ಬಣ್ಣದ ಜೊತೆ ಬಿಳಿ ಪುಡಿಯೂ.

ಆ ಜಾಡಿಯ ಹೊರಗೆ ಮಾತ್ರವಲ್ಲ, ಒಳಗೂ ಗ್ಲೇಜ್ ಹೊಯ್ದು ತಿರುಗಿಸಿದವಳು ನಾನೇ.

ಸಂಜೆ ಮೇಡಂ ಬಂದಾಗ ಪೂರ್ತಿ ಹೇಳಲು ಆಗಲಿಲ್ಲ. “ಆ ನೀಲಿ ಜಾಡ್ಯಾಗ ಯಾರಾದ್ರು ಉಪ್ಪಿನಕಾಯಿ ಹಾಕಿದ್ರ?” ಎಂದು ಕೇಳಿದೆ.

“ಯಾರು ಹಾಕ್ತಾರೆ ಗಾಳೆಮ್ಮ? ಬೋರ್ಡು ಇದೆಯಲ್ಲ. ಶೋಕೇಸಲ್ಲಿ ಇಟ್ಟಿರ್ತಾರೆ ಬಿಡು.”

ನಾನು ತಲೆ ಆಡಿಸಿದ್ದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರೇ ಏನಾದರೂ ಮಾಡುತ್ತಿದ್ದರು. ನನ್ನ ಸಂಕೋಚಕ್ಕೆ ಅದೂ ಬೇಡವಾಗಿತ್ತು.

ಶನಿವಾರ ಮಣ್ಣು ನಾದುವಾಗ ಲೆಕ್ಕ ಹಾಕಿದೆ: ಇವತ್ತು ಕಾಯಿ ತಂದಿರುತ್ತಾರೆ. ಭಾನುವಾರ: ಹೆಚ್ಚಿ ಉಪ್ಪು ಬೆರೆಸಿರುತ್ತಾರೆ. ಸೋಮವಾರ ಎರಡು ಬಟ್ಟಲು ಕೈ ಜಾರಿ ಬಿದ್ದವು. ಮನೆಯಲ್ಲಿ ಅವ್ವ ತಟ್ಟೆಗೆ ಉಪ್ಪಿನಕಾಯಿ ಬಡಿಸಿದಾಗ ಎದ್ದು ಹೋದೆ. “ಏನಾಗೈತಿ ಇದಕ, ಕುಂತಲ್ಲಿ ಕುಂದ್ರವಲ್ದು” ಎಂದಳು ಅವ್ವ. ಗುರುವಾರ ನನ್ನ ರಜೆ. ಹೊಸಪೇಟೆಗೆ ಹೋಗಿ ಕಂಪ್ಲಿ ಬಸ್ಸು ಹತ್ತಿದೆ.

ಮಾತಾಡದವರು ನೋಡುತ್ತಾರೆ. ಅಕ್ಕಿ ಚೀಲದ ಮೇಲೆ ಕಂಪ್ಲಿಯ ಒಂದು ರೈಸ್ ಮಿಲ್ಲಿನ ಹೆಸರು ಇದ್ದುದನ್ನು ನೋಡಿದ್ದೆ. ಆ ಹೆಂಗಸಿನ ಮೂಗಿನ ಎರಡೂ ಕಡೆ ಮೂಗುಬಟ್ಟು ಇದ್ದವು. ಮಗನನ್ನು ಯಾರೋ ಈಶ್ವರ್ ಎಂದು ಕರೆದಿದ್ದರು. ನನ್ನ ಹತ್ತಿರ ಇದ್ದದ್ದು ಇಷ್ಟು.

ಮಿಲ್ಲಿನ ಬಾಗಿಲಲ್ಲಿ ಮೂಟೆ ಹೊರುತ್ತಿದ್ದ ಸುಂಕಪ್ಪ ಎಂಬ ಹಮಾಲಿಯನ್ನು ಕೇಳಿದೆ. ಮೂರು ಸಲ ಕೇಳಬೇಕಾಯಿತು, ಮಿಲ್ಲಿನ ಸದ್ದಿನಲ್ಲಿ ನನ್ನ ದನಿ ಅವನಿಗೆ ಮುಟ್ಟಲಿಲ್ಲ.

“ಎಲ್ಲಾರು ಚೀಲದಾಗಿನ ಅಕ್ಕಿ ಕೇಳ್ಕಂತ ಬರ್ತಾರ, ನೀ ಚೀಲ ಒಯ್ದಾಕಿನ್ನ ಕೇಳ್ಕಂತ ಬಂದಿಯಲ್ಲವಾ!” ಎಂದು ನಕ್ಕ. “ಎರಡೂ ಕಡಿ ಮೂಗುಬಟ್ಟು? ಮಗ ಈಶ್ವರ್? ಪಂಪಮ್ಮನ ಮನಿ. ಹಿಂದಿನ ಓಣಿಯಾಗ, ನೀಲಿ ಗೇಟು. ಜ್ವಾಕಿ, ಬಾಯಿ ಭಾಳ ಜೋರು ಆಕಿದು.”

ಪಂಪಮ್ಮ ನನ್ನನ್ನು ಕೂಡಲೇ ಗುರುತಿಸಿದಳು. “ಅಯ್ಯ, ಜಾಡಿ ಹುಡುಗಿ! ಬಾರವಾ, ಒಳಗ ಬಾ, ಕುಂದ್ರು.” ಪಡಸಾಲೆಯಲ್ಲಿ ಸೊಸೆ ಸೌಜನ್ಯ ಊಟಕ್ಕೆ ಕುಳಿತಿದ್ದಳು. ಆರು ತಿಂಗಳು ಇರಬಹುದು. ತಟ್ಟೆಯ ಪಕ್ಕದ ಸಣ್ಣ ಬಟ್ಟಲಲ್ಲಿ ಕೆಂಪು ಎಣ್ಣೆ, ಮಾವಿನ ಹೋಳು.

“ಅಮ್ಮಾ, ಆ ಜಾಡಿ ಉಪ್ಪಿನಕಾಯಿಗೆ ಅಲ್ಲರಿ.”

“ಏನಂದಿ? ಗಟ್ಟಿ ಹೇಳು.”

ಹೇಳಿದೆ. ನಿಂಬೆಹೋಳಿನ ಮಾತು ಹೇಳಿದೆ, ಬಿಳಿ ಪುಡಿಯ ಮಾತು ಹೇಳಿದೆ. ಅರ್ಧ ಮಾತು ನನ್ನ ಹಲ್ಲಿನ ಹಿಂದೆಯೇ ಉಳಿಯಿತು.

ಪಂಪಮ್ಮನ ನಗು ನಿಂತಿತು. “ಆವತ್ತು ಕೇಳಿದಾಗ ಹೂಂ ಅಂದಿ.”

“ಅಂದಿಲ್ಲರಿ. ತಲಿ ಆಡಿಸಿದೆ.”

“ಮತ್ತ ಅದೇನು ಕೋಲೆಬಸವ ಆಡಿಸಿದಂಗ ಆಡಿಸಿದ್ದೇನು? ಹಿಂಗ ಹೇಳು, ಸೋವಿ ರೇಟಿಗೆ ಕೊಟ್ಟುಬಿಟ್ಟಿ, ನಿಮ್ಮ ಮೇಡಂ ಬೈದಾಳ, ವಾಪಸ್ ಇಸ್ಕಂಡು ಬಾ ಅಂದಾಳ. ಹೌದಿಲ್ಲ?”

ಮಗ ಈಶ್ವರ್ ಮಂಚದ ಮೇಲಿಂದ ಫೋನು ಎತ್ತಿ ಒಂದು ವಿಡಿಯೊ ತೋರಿಸಿದ. “ನೋಡವಾ ಇಲ್ಲಿ, ಉಪ್ಪಿನಕಾಯಿಗೆ ಪಿಂಗಾಣಿ ಜಾಡಿನ ಬೆಸ್ಟು ಅಂತ ಹೇಳಾಕತ್ತಾನ. ಎರಡು ಲಕ್ಷ ಮಂದಿ ನೋಡ್ಯಾರ.”

“ಅದು ಬಿಳಿ ಜಾಡಿರಿ. ಇದು ಬ್ಯಾರೆ.”

“ಬಾಯಿ ಎರಡು ದಿನದಿಂದ ಒಂಥರಾ ಆಗೈತಿ, ಅತ್ತಿ” ಎಂದಳು ಸೌಜನ್ಯ. “ಕೈಕಾಲೂ ಜೋಮು ಹಿಡದಂಗ.”

“ಬಸರಾಗಿದ್ದಾಗ ಎಲ್ಲಾರ ಬಾಯಿನೂ ಹಂಗ. ನನಗೇನು ಬಾಯಿ ಇರಲಿಲ್ಲೇನು?” ಪಂಪಮ್ಮ ಒಳಗೆ ಹೋಗಿ ಜಾಡಿಯನ್ನು ಎದೆಗೆ ಅವುಚಿಕೊಂಡು ತಂದು ನನ್ನ ಮುಂದೆ ಇಟ್ಟಳು. ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿದಳು. “ನೋಡು. ಮೂವತ್ತು ಕಾಯಿ. ತಲಿಮ್ಯಾಲೆ ನೀರು ಹಾಕ್ಕಂಡು ಮಡಿಲೆ ಹಾಕೀನಿ. ಮನ್ಯಾಗಿನ ಒಬ್ಬ ಹೆಣ್ಮಗಳನ್ನೂ ಸಮೀಪ ಬಿಟ್ಟಿಲ್ಲ. ಹೋದ ವರ್ಷ ಹೊರಗಾದಾಕಿ ಯಾರೋ ಕೈ ಹಚ್ಚಿ, ಬೂಷ್ಟು ಬಂದು, ಇಡೀ ಉಪ್ಪಿನಕಾಯಿ ತಿಪ್ಪಿಗೆ ಚೆಲ್ಲಿದ್ವಿ. ಇದನ್ನ ನಿನ್ನ ಮಾತಿಗೆ ಚೆಲ್ಲಲೇನು?”

ಮೆಂತ್ಯ, ಇಂಗಿನ ವಾಸನೆ ಪಡಸಾಲೆ ತುಂಬಿತು. ಜಾಡಿಯ ಕಂಠದ ಒಳಗೆ ನೋಡಿದೆ. ಎಣ್ಣೆ ಇಳಿದು ಬರಿದಾದ ಕಡೆ ನನ್ನ ನೀಲಿ ಇರಲಿಲ್ಲ. ಮಾಸಿದ ಬೂದಿಯಂತೆ ಕಾಣುತ್ತಿತ್ತು. ಅದನ್ನು ತೋರಿಸಿದೆ. ಅದು ಉಪ್ಪು ಎಂದಳು ಪಂಪಮ್ಮ. ಸೌಜನ್ಯ ಬಟ್ಟಲಿನ ಹೋಳನ್ನು ಮತ್ತೆ ಬೆರಳಿಗೆ ತೆಗೆದುಕೊಂಡಳು.

ಏನು ಮಾಡುತ್ತಿದ್ದೇನೆ ಎಂದು ಯೋಚಿಸಲಿಲ್ಲ. ಬಲಗೈಯನ್ನು ಮೊಣಕೈವರೆಗೆ ಜಾಡಿಯಲ್ಲಿ ಇಳಿಸಿದೆ.

“ಏಯ್!”

“ನಾನು ಹೊರಗಾಗೀನ್ರಿ” ಎಂದೆ. “ಇವತ್ತು ಎರಡನೇ ದಿನ.”

ಇಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಅದೂ ಈ ಮಾತನ್ನು, ಗೊತ್ತಿಲ್ಲದ ಗಂಡಸಿನ ಎದುರಿಗೆ. ಈಶ್ವರ್ ಫೋನಿನೊಳಗೆ ಮುಖ ಹುದುಗಿಸಿದ. ಪಂಪಮ್ಮ ಬಾಯಿ ತೆರೆದುಕೊಂಡು ನಿಂತಳು. ಆಮೇಲೆ ಆ ಬಾಯಿಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ನನ್ನ ಅವ್ವ, ಅವ್ವನ ಅವ್ವ, ನಮ್ಮ ಊರು, ನನ್ನ ಮುಂದೆ ಆಗಬಹುದಾದ ಗಂಡ, ಯಾರೂ ತಪ್ಪಿಸಿಕೊಳ್ಳಲಿಲ್ಲ.

ನಾನು ಕೈ ತೆಗೆಯದೆ ಕುಳಿತಿದ್ದೆ. ಖಾರ ಚರ್ಮದೊಳಗೆ ಹೊಗುತ್ತಿತ್ತು.

ಬೈಗಳಿನ ನಡುವೆ ಈಶ್ವರ್ ಮೆಲ್ಲಗೆ, “ಕಾಯಿ ಚೆಲ್ಲು. ಜಾಡಿ ಯಾಕ ಚೆಲ್ತಿ? ಪಿಂಗಾಣಿ ಗಾಜಿದ್ದಂಗ. ಅರಿಶಿಣದ ನೀರು ಹಾಕಿ ತೊಳದ್ರ ಆತು. ಹೊಸಾ ಉಪ್ಪಿನಕಾಯಿ ಹಾಕು” ಎಂದ.

ಜಾಡಿ ಅಲ್ಲೇ ಉಳಿದರೆ ಮತ್ತೆ ಅದೇ ವಿಷ. ಪಂಪಮ್ಮ ಯೋಚಿಸುತ್ತಿದ್ದಳು. ಮೈಲಿಗೆಯಾದ ಸ್ಟೀಲು, ಗಾಜು ತೊಳೆದರೆ ಸರಿಯಾಗುತ್ತವೆ. ಮಣ್ಣಿನ ಗಡಿಗೆ ಮಾತ್ರ ಹೊರಗೆ ಹೋಗಬೇಕು. ನಮ್ಮ ಮನೆಯಲ್ಲೂ ಹಾಗೆಯೇ.

“ಗಾಜಲ್ಲರಿ, ಮಣ್ಣು” ಎಂದೆ. “ಮ್ಯಾಲಿಂದಷ್ಟ ಹೊಳಿತೈತಿ. ಕೆರಿ ಮಣ್ಣು, ನಾನ ತುಳದೀನಿ. ಹುಲ್ಲು, ಬೇರು ನಾನ ಆರಿಸಿ ತಗದೀನಿ. ಕುಂಬಾರ್ರ ಗಡಿಗಿಗೂ ಇದಕ್ಕೂ ಫರಕ್ ಇಲ್ಲ.”

ಫರಕ್ ಇದೆ. ಆದರೆ ಆ ಹೊತ್ತಿಗೆ ಇರಬಾರದಿತ್ತು.

ಪಂಪಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. “ಎತ್ತಿಕೊಂಡು ನಡಿ. ನನ್ನ ಕಣ್ಣಿಗೆ ಬೀಳಬ್ಯಾಡ, ಆ ಜಾಡಿನೂ ಬೀಳಬ್ಯಾಡ.”

ಸೌಜನ್ಯ ಎದ್ದು ಬಂದು ತನ್ನ ಬಟ್ಟಲಿನಲ್ಲಿದ್ದದ್ದನ್ನೂ ಜಾಡಿಗೆ ಸುರಿದಳು. ನಾನು ಅದನ್ನು ಹೊತ್ತು ಗೇಟಿನ ಹೊರಗೆ ಬಂದೆ. ಅವಳು ಅರಿಶಿಣದ ನೀರಿನ ತಂಬಿಗೆ ಹಿಡಿದು ನಾನು ನಡೆದಲ್ಲೆಲ್ಲ ಚಿಮುಕಿಸುತ್ತಾ ಹಿಂದೆಯೇ ಬಂದಳು. ಗೇಟಿನ ಹತ್ತಿರ ಬಗ್ಗಿ, ನೆಲದ ಕಡೆಗೇ ನೋಡುತ್ತಾ ಕೇಳಿದಳು.

“ಹೊರಗಾಗೀನಿ ಅಂದದ್ದು ಸುಳ್ಳು. ಹೌದಲ್ಲ?”

ನನಗೆ ಮುಟ್ಟಾಗಿ ಹದಿನೈದು ದಿನವಾಗಿತ್ತು. “ಹೌದಕ್ಕಾ. ವಿಷದ ಮಾತು ಮಾತ್ರ ಖರೇ.”

“ಎಷ್ಟು ತಿಂದ್ರ ಏನಾಗತೈತಿ?”

“ನನಗ ಗೊತ್ತಿಲ್ಲ. ಡಾಕ್ಟರ ಹತ್ರ ಇವತ್ತ ಹೋಗ್ರಿ. ಬೇರಿಯಂ ಅಂತ ಹೇಳ್ರಿ. ಬೇರಿಯಂ, ತಾಮ್ರ.”

“ಬೇರಿಯಂ” ಎಂದಳು ಅವಳು. ಸೆರಗಿನಲ್ಲಿ ಮುಚ್ಚಿಟ್ಟ ಫೋನಿನಲ್ಲಿ ನಾನು ಹೇಳಿದ ನಂಬರು ಒತ್ತಿಕೊಂಡಳು. ಒಳಗಿನಿಂದ ಅತ್ತೆ ಕೂಗಿದಳು: “ಏನು ಮಾತು ಆಕಿ ಜೋಡಿ? ನೀರು ಹಾಕು, ನೀರು!”

ಓಣಿಯ ಕೊನೆಗೆ ತಿಪ್ಪೆ ಇತ್ತು. ಸುರಿಯಲು ಹೋದೆ, ಎರಡು ಆಡು ತಲೆ ಎತ್ತಿ ನೋಡಿದವು. ಅಲ್ಲಿ ಬೇಡ. ಕಾಲುವೆಯವರೆಗೆ ಹೋದೆ, ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ಅಲ್ಲೂ ಬೇಡ. ಮೂವತ್ತು ಕಾಯಿಯ ಭಾರ ಸೊಂಟಕ್ಕೆ ಕೂತಿತ್ತು. ಕೈ ಉರಿಯುತ್ತಿತ್ತು. ಹೊಸಪೇಟೆ ಬಸ್ಸು ಬಂತು, ಹತ್ತಿದೆ. ಶೆಡ್ಡಿಗೆ ಒಯ್ದು ಮೇಡಂ ಮುಂದೆ ಇಟ್ಟು ಎಲ್ಲ ಹೇಳುವುದು ಎಂದುಕೊಂಡೆ.

ಕಂಡಕ್ಟರ್ ಟಿಕೆಟ್ ಕೊಡುವ ಮೊದಲೇ ಮೂಗು ಅರಳಿಸಿದ. “ಆಹಾ! ಯಾರ ಮನಿ ಉಪ್ಪಿನಕಾಯಿಬೇ ಇದು? ಬುತ್ತಿ ರೊಟ್ಟಿ ಐತಿ ನನ್ನ ಹತ್ರ. ಒಂದು ಹೋಳು ಹಾಕು.”

“ನಮಗೂ ಒಂದೀಟು” ಎಂದಳು ಹಿಂದಿನ ಸೀಟಿನ ಮುದುಕಿ, ಅಂಗೈ ಚಾಚಿ.

“ಬ್ಯಾಡ್ರಿ. ಇದು ವಿಷ.”

“ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ನವಾ. ವಿಷ ಅಂತೀಯಲ್ಲ!”

“ಖರೇನ ವಿಷ. ಇಲಿ ಪಾಷಾಣ ಕೂಡೈತಿ.”

ಕಂಡಕ್ಟರನ ಮುಖ ಬದಲಾಯಿತು. ನನ್ನ ಕೈ ನೋಡಿದ. ಮೊಣಕೈವರೆಗೆ ಕೆಂಪು ಎಣ್ಣೆ. ಸೀಟಿ ಊದಿದ. “ಇಳಿ. ಮೊದಲು ಇಳಿ. ಸಾಯೋರು, ಸಾಯಿಸೋರು ನನ್ನ ಬಸ್ಸ ಹತ್ತಬೇಕೇನು? ರೈಟ್, ರೈಟ್!”

ಕಂಪ್ಲಿ ಬಿಟ್ಟು ಎರಡು ಕಿಲೋಮೀಟರ್ ಆಗಿರಬಹುದು. ಎರಡೂ ಕಡೆ ಬಾಳೆ, ನಡುವೆ ಬಿಸಿಲಿನ ರಸ್ತೆ. ಹೊಸಪೇಟೆ ದಿಕ್ಕಿಗೆ ನಡೆದೆ. ನೂರು ಹೆಜ್ಜೆಗೆ ಒಮ್ಮೆ ಜಾಡಿ ಇಳಿಸಿ ಸೊಂಟ ಬದಲಿಸಿದೆ. ಸೌಜನ್ಯ ಡಾಕ್ಟರ ಹತ್ತಿರ ಹೋದಳೋ ಇಲ್ಲವೋ. ಅತ್ತೆ ಬಿಟ್ಟಳೋ ಇಲ್ಲವೋ. ಹೆಸರು ನೆನಪಿಟ್ಟಳೋ, ಬೇರೆ ಏನೋ ಹೇಳಿದಳೋ. ತಿರುಗಿ ಹೋಗಿ ಗೇಟು ಬಡಿಯಲೇ ಎಂದು ಎರಡು ಸಲ ನಿಂತೆ, ಎರಡು ಸಲ ಮುಂದೆ ನಡೆದೆ.

ಒಂದು ತಾಸಿನ ಮೇಲೆ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿದೆ.

“ನಾನು, ಸೌಜನ್ಯ. ಕಂಪ್ಲಿ ದವಾಖಾನ್ಯಾಗ ಅದೀನಿ. ತವರು ಇಲ್ಲೇ ಐತಿ, ಫೋನ್ ಮಾಡಿ ಅಣ್ಣನ್ನ ಕರಿಸಿಕೊಂಡೆ.” ಅವಳು ಏದುಸಿರು ಬಿಡುತ್ತಿದ್ದಳು. “ಹೆಸರು ಹೇಳಿದೆ. ಡಾಕ್ಟರು ಒಮ್ಮಿಗೇ ಎದ್ದು ನಿಂತ್ರು. ರಕ್ತ ತಗಂಡಾರ, ಎದಿಗೆ ವೈರು ಹಚ್ಯಾರ. ಏನು, ಎಷ್ಟು ಹಾಕಿದ್ರಿ ಅಂತ ಕೇಳಾಕತ್ಯಾರ. ಆ ಜಾಡಿನೂ ಬೇಕಂತ. ಚೆಲ್ಲಿದಿರೇನು?”

“ಇಲ್ಲಕ್ಕಾ. ಸೊಂಟದ ಮ್ಯಾಲ ಐತಿ.”

“ಎಲ್ಲಿದ್ದೀರಿ?”

ಎಲ್ಲಿದ್ದೇನೆ ಎಂದು ಸುತ್ತ ನೋಡಿದೆ. ಹೇಳಲು ಒಂದು ಊರಿನ ಹೆಸರೂ ಇರಲಿಲ್ಲ. “ಬರ್ತೀನಿ” ಎಂದೆ. ಮೊದಲು ಮೇಡಂಗೆ ಫೋನು ಮಾಡಿದೆ. “ಮೇಡಂ, ನೀಲಿ ಗ್ಲೇಜಿನ ಚೀಟಿ ತಗೀರಿ. ಬಿಳಿ ಪುಡಿ ಎಷ್ಟು ಗ್ರಾಂ ಅಂತ ಓದಿ ಹೇಳ್ರಿ, ಡಾಕ್ಟರಿಗೆ ಹೇಳಬೇಕು. ಯಾಕಂತ ಆಮೇಲೆ ಹೇಳ್ತೀನಿ. ತಪ್ಪು ನಂದು.” ಅವರು ಚೀಟಿ ಹುಡುಕುವ ಸದ್ದು ಕಿವಿಯಲ್ಲಿ ಕೇಳುತ್ತಿರುವಾಗಲೇ ಜಾಡಿ ಎತ್ತಿಕೊಂಡು ಕಂಪ್ಲಿಯ ಕಡೆಗೆ ತಿರುಗಿ ಓಡುನಡಿಗೆಯಲ್ಲಿ ಹೊರಟೆ.