ಕೋರೆಯ ಹದಿಮೂರು ಮರಿ

ಗುಡ್ಡ ಅಗೆದು ಕೋಳಿ ಹಿಡಿದರು ಎಂಬುದು ಗಾದೆ. ಕೋಳಿಯಲ್ಲ, ಇಲಿ ಎಂದು ತಿದ್ದಲು ಹೊರಟವರು ಸ್ವಲ್ಪ ತಡೆಯಿರಿ. ನಾನು ಹೇಳುವುದು ನಡೆದ ಕಥೆ. ಇದರಲ್ಲಿ ಸುಳ್ಳು ಇರುವುದು ಒಂದೇ, ಅದನ್ನೂ ಹೇಳಿದವನು ನಾನೇ.

ಕಾವೂರಿನಿಂದಾಚೆ ಕೆಂಪುಕಲ್ಲು ಕಡಿಯುವ ಕಂಪೆನಿಯೊಂದರ ದೇರೆಬೈಲ್ ಆಫೀಸಿನಲ್ಲಿ ನಾನು, ಲತೇಶ, ಲಾರಿ ಚೀಟಿ ಬರೆಯುವವನು. ಎದುರು ಮೇಜಿನಲ್ಲಿ ಅಝರ್, ‘ಸೋಶಿಯಲ್ ರಿಸ್ಕ್ ಆಫೀಸರ್’. ಕೋರೆಯ, ಎಂದರೆ ಕಲ್ಲುಗಣಿಯ, ಸುತ್ತಲಿನ ಜನ ಎಷ್ಟು ಸಿಟ್ಟಾಗಿದ್ದಾರೆಂದು ಅಳೆದು ಇಪ್ಪತ್ತೈದಕ್ಕೆ ಅಂಕ ಹಾಕುವುದು ಅವನ ಕೆಲಸ. ನಾನದನ್ನು ‘ಸೋಶಿಯಲ್ ರಸ್ಕ್’ ಎನ್ನುತ್ತಿದ್ದೆ. ಚಹಾ ಕುಡಿಸಿದರೆ ಮೆತ್ತಗಾಗುವಂಥದ್ದು. ಅಝರ್ ಕೊಲ್ಲಿ ದೇಶದ ದಮ್ಮಾಮಿನಲ್ಲಿ ಬೆಳೆದವನು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಪುಸ್ತಕದಿಂದ ಕಲಿತ ಕನ್ನಡ, ಅದಕ್ಕೆ ಆಫೀಸಿನಲ್ಲಿ ಅಂಟಿದ ‘ಮಾರಾಯ’. ತುಳು ಮಾತ್ರ ಸೊನ್ನೆ.

ಇನ್ನೊಂದು ಸೊನ್ನೆ ಅವನ ಕುತ್ತಿಗೆಗೇ ಬಂದಿತ್ತು. ಮೂರು ತಿಂಗಳು ಮನೆಮನೆ ಸುತ್ತಿದರೂ ಒಂದೇ ಒಂದು ದೂರು ಸಿಕ್ಕಿರಲಿಲ್ಲ. ಹೆಡ್ಡಾಫೀಸಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ‘ದೂರಿಲ್ಲದ ಊರಿಲ್ಲ. ಶುಕ್ರವಾರದೊಳಗೆ ಒಂದಾದರೂ ನಿಜವಾದ ದೂರು ಕಳಿಸಿ, ಇಲ್ಲವಾದರೆ ನಿಮ್ಮ ಹುದ್ದೆ ರದ್ದು’ ಎಂದು ಅಲ್ಲಿಂದ ಪತ್ರ ಬಂತು.

“ಇಲ್ಲಿಯವರಿಗೆ ಸಿಟ್ಟೇ ಬರುದಿಲ್ವಾ ಮಾರಾಯ?” ಅಝರ್ ತಲೆ ಹಿಡಿದುಕೊಂಡ. “ನನಗೇ ಬರ್ತಾ ಉಂಟು.”

“ದೂರು ಬೇಕಾದ್ರೆ ಸ್ವಲ್ಪ ದೂರ ಹೋಗ್ಬೇಕು.”

ಅವನು ನಗಲಿಲ್ಲ. ನನ್ನ ಪನ್ನಿಗೆ ನಗದವರನ್ನು ನಾನು ಸುಮ್ಮನೆ ಬಿಡುವುದಿಲ್ಲ.

ಗುರುವಾರ ಬೆಳಿಗ್ಗೆ ಗೋಡೌನಿಗೆ ಹೋಗಿ ಅವನ ದೂರಿನ ನಂಬರಿಗೆ ಫೋನು ಮಾಡಿದೆ. ಅನುಕರಿಸಿದ ಧ್ವನಿ ಮಾತ್ರ ಬಾಗಿಯಕ್ಕನದು. ಕೋರೆಯ ಪಕ್ಕದ ಮನೆಯವಳು, ವಾರಕ್ಕೊಮ್ಮೆ ಆಫೀಸಿಗೆ ಬಸಳೆ ಮಾರಲು ಬರುವವಳು.

“ಹಲೋ, ನಿಮ್ಮ ಕೋರಿಯಿಂದ ಸಾಕಾಯ್ತು ಮಾರಾಯ್ರೆ! ನನ್ನ ಹಿತ್ತಿಲೆಲ್ಲ ಕೆದರಿ ಹಾಕಿತು. ಮೂರು ವಾರ ಕಾವಿಗೆ ಕೂತಿತ್ತು, ಸುಮ್ಮನಿತ್ತು. ಈಗ ನೋಡಿದ್ರೆ ಹದಿಮೂರು ಮರಿ!”

ತುಳುವಿನಲ್ಲಿ ಕೋರಿ ಎಂದರೆ ಕೋಳಿ. ಅಝರನ ಕಿವಿಗೆ ಬಿದ್ದದ್ದು ಕೋರೆ. ನಾನು ವಾಪಸು ಬಂದಾಗ ಅವನು ಬರೆದು ಮುಗಿಸಿದ್ದ: ‘ಕೋರೆಯು ಗಡಿ ಮೀರಿ ಖಾಸಗಿ ಜಮೀನನ್ನು ಅಗೆದಿದೆ. ಮೂರು ವಾರಗಳ ಸ್ಥಗಿತದ ಬಳಿಕ ಪರವಾನಗಿಯಿಲ್ಲದ ಹದಿಮೂರು ಉಪಕೋರೆಗಳು ಹುಟ್ಟಿಕೊಂಡಿವೆ. ಅಂಕ: ಇಪ್ಪತ್ತೈದು.’

“ಸ್ಥಳ ನೋಡಿ ಬಂದು ಕಳಿಸ್ತೇನೆ. ನೀನೂ ಬಾ, ತುಳು ಹೇಳ್ಲಿಕ್ಕೆ.”

ದಾರಿಯುದ್ದಕ್ಕೂ ಅವನು ಸೀಟಿ ಹೊಡೆಯುತ್ತಿದ್ದ. ನನಗೆ ಮಾತ್ರ ಬೆವರು. ತಮಾಷೆಯಲ್ಲಿ ಒಬ್ಬನ ಅನ್ನ ಹೋಗುತ್ತದಲ್ಲ!

ಬಾಗಿಯಕ್ಕ ಅಂಗಳದಲ್ಲಿ ಬಟ್ಟೆ ಕೊಡವುತ್ತಿದ್ದಳು. ಅಝರ್ ಟೇಪು ಬಿಚ್ಚಿದ. “ಬಾಗಿಯಕ್ಕ, ಹದಿಮೂರನ್ನೂ ಅಳೀಬೇಕು. ಎಲ್ಲುಂಟು?”

“ಎಂತ ಹದಿಮೂರು?”

“ಬೆಳಿಗ್ಗೆ ಫೋನಲ್ಲಿ ಹೇಳಿದ್ರಲ್ಲ?”

“ನನ್ನಲ್ಲಿ ಫೋನೇ ಇಲ್ಲ!”

ಅಝರ್ ನನ್ನ ಕಡೆ ತಿರುಗಿದ. ಹೆದರಿಕೆಗೆ ನನ್ನ ಬಾಯಿಂದ ಬಾಗಿಯಕ್ಕನ ಧ್ವನಿಯೇ ಹೊರಟಿತು: “ಅಯ್ಯೋ, ಎಂತ ಮಾಡುದು ಮಾರಾಯ್ರೆ!” ಒಂದೇ ಅಂಗಳದಲ್ಲಿ ಇಬ್ಬರು ಬಾಗಿಯಕ್ಕ. ಕೋರಿಯ ವಿಷಯ ಒಪ್ಪಿಕೊಂಡೆ.

ಅಝರ್ ಟೇಪು ಸುತ್ತಿ ಕಟ್ಟೆಯ ಮೇಲೆ ಕುಸಿದ. “ಹಾಗಾದ್ರೆ ಇದೂ ಸುಳ್ಳು. ನಾಳೆಗೆ ನನ್ನ ಕೆಲಸ ಹೋಯ್ತು. ಇಲ್ಲಿ ಯಾರಿಗೂ ಎಂತದೂ ತೊಂದರೆ ಇಲ್ಲ.”

“ತೊಂದರೆ ಇಲ್ವಾ?” ಬಾಗಿಯಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಅವನ ಮುಖದೆದುರು ಹಿಡಿದಳು. “ಇದು ಬಿಳಿ ಪಂಚೆ. ಬಣ್ಣ ನೋಡಿ! ಬಾವಿ ನೀರು ಕೆಂಪು. ಲಾರಿಯಿಂದ ರಸ್ತೆ ಹೊಂಡ. ಆ ಕಲ್ಲು ಕೊಯ್ಯುವ ಮಿಷನ್ ಬೆಳಿಗ್ಗೆ ಐದಕ್ಕೇ ಕಿರುಚ್ತದೆ.”

“ಮತ್ತೆ ನಾನು ಮೂರು ಸಲ ಬಂದು ಕೇಳಿದಾಗ ಯಾಕೆ ಹೇಳ್ಲಿಲ್ಲ?”

“ನೀವು ಅದನ್ನು ಕೇಳಿದ್ದಾ? ‘ಸಾಮಾಜಿಕ ಅಪಾಯ ಉಂಟಾ’ ಕೇಳಿದ್ರಿ. ಸಮಾಜ ಅಂದ್ರೆ ನಮ್ಮ ಜಾತಿಯವರ ಸಂಘ ಅಲ್ವಾ? ಅವರು ವರ್ಷಕ್ಕೊಮ್ಮೆ ಮಕ್ಕಳಿಗೆ ಪುಸ್ತಕ ಕೊಡ್ತಾರೆ, ಊಟ ಹಾಕ್ತಾರೆ. ಸಮಾಜದವರಿಂದ ಎಂತ ಅಪಾಯ? ಒಳ್ಳೆ ಜನ. ಹಾಗೇ ಹೇಳಿದೆ. ಈ ಸಾಲಿನವರೆಲ್ಲ ಹಾಗೇ ಹೇಳಿದ್ದು.”

ಅಝರ್ ತನ್ನ ಫೈಲು ಬಿಡಿಸಿದ. ನಲವತ್ತೆರಡು ಮನೆ, ನಲವತ್ತೆರಡು ‘ಇಲ್ಲ’. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಬಾಗಿಯಕ್ಕ ಮೊದಲು ನಕ್ಕಳು, ನನಗೂ ತಡೆಯಲಾಗಲಿಲ್ಲ. ಆದರೆ ಹೊಸ ಹಾಳೆಯಲ್ಲಿ ‘ಬಾವಿ’ ಎಂದು ಬರೆಯಲು ಹೊರಟ ಅಝರ್ ಪೆನ್ನು ನಿಲ್ಲಿಸಿ ಎಂಥ ನಗೆ ನಕ್ಕನೆಂದರೆ, ಕಲ್ಲು ಕೊಯ್ಯುವವರು ಮಿಷನ್ ನಿಲ್ಲಿಸಿ ಇತ್ತ ನೋಡಿದರು.