ಟಾರ್ಚಿನ ಸ್ಪ್ರಿಂಗು

ರಿಪೇರಿ ಅಂಗಡಿಯವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಒಂದು ಸ್ಕ್ರೂ ಬಿಗಿ ಮಾಡುವ ಕೆಲಸಕ್ಕೆ ನಾಲ್ಕು ದಿನ ಕೇಳುತ್ತಾರೆ, ಕೇಳುವಾಗ ದೊಡ್ಡ ಡಾಕ್ಟರ ಮುಖ ಮಾಡುತ್ತಾರೆ. ನಮ್ಮ ಬೀದಿ ಮೂಲೆಯ ರಿಪೇರಿ ಅಂಗಡಿಯ ಕನ್ನಡಕದವನಂತೂ ಅವರೆಲ್ಲರ ಗುರು. ನನ್ನ ಜಾಯ್‌ಸ್ಟಿಕ್ಕನ್ನು, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಕೋಲನ್ನು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಒಳಗೆ ಸೆನ್ಸರ್ ಸವೆದಿದೆ ಸಾರ್. ಬಿಟ್ಟು ಹೋಗಿ, ಬಿಡಿಭಾಗ ಬರೋಕೆ ನಾಲ್ಕು ದಿನ ಆಗುತ್ತೆ."

"ನಾಲ್ಕು ದಿನಾನಾ? ಇನ್ನು ಹನ್ನೆರಡೇ ದಿನಕ್ಕೆ ನನ್ನ ತಂಗಿಗೆ ಟೆಸ್ಟು ಕಣ್ರೀ!"

"ಅದಕ್ಕೇ ಹೇಳ್ತಿರೋದು. ನೀವೇ ಬಿಚ್ಚೋಕೆ ಮಾತ್ರ ಹೋಗ್ಬೇಡಿ."

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ನನ್ನ ವಸ್ತುವನ್ನು ನಾನು ಬಿಚ್ಚಲು ಇವನ ಅಪ್ಪಣೆ ಬೇಕೆ? ಅವನ ಕೈಯಿಂದ ಕಿತ್ತುಕೊಂಡು ಬಂದೆ.

ಭಾನುವಾರ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದು ನನಗೆ ಬರೀ ಮೋಜು. ಪುಟ್ಟಿಗೆ, ಅಂದರೆ ನನ್ನ ತಂಗಿಗೆ, ಅದೇ ಜೀವ. ಪೈಲಟ್ ಶಾಲೆಯವರು ಆಯ್ಕೆಗೆ ಮುಂಚೆ ತಮ್ಮ ಸಿಮ್ಯುಲೇಟರಿನಲ್ಲಿ ಹದಿನೈದು ನಿಮಿಷ ಕೂರಿಸಿ ಕೈ ನೋಡುತ್ತಾರೆ. ಎರಡು ಸಲ ಕೂದಲೆಳೆಯಲ್ಲಿ ತಪ್ಪಿಹೋಗಿತ್ತು. ಮೂರನೆಯದೇ ಕೊನೆ, ನಾಲ್ಕನೆಯ ಅವಕಾಶ ಅಲ್ಲಿಲ್ಲ. ಒಂದು ವರ್ಷದಿಂದ ನಾನು ಏಳುವ ಮುಂಚೆಯೇ ಎದ್ದು ನನ್ನ ಜಾಯ್‌ಸ್ಟಿಕ್ಕಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಈಗ ಅದಕ್ಕೆ ರೋಗ ಬಂದಿತ್ತು: ಕೈ ಬಿಟ್ಟರೆ ಸಾಕು, ವಿಮಾನ ತಾನಾಗಿ ಎಡಕ್ಕೆ ವಾಲುತ್ತಿತ್ತು.

ಊಟದ ಮೇಜಿನ ಮೇಲೆ ಬೇಡವೋ ಎಂದು ಅಮ್ಮ ಗೊಣಗಿದರೂ ಅಲ್ಲೇ ಬಿಚ್ಚಿದೆ. ಮುಚ್ಚಳ ತೆಗೆದದ್ದೇ ತಡ, ಸ್ಪ್ರಿಂಗೊಂದು ಚಂಗನೆ ಹಾರಿ ಫ್ರಿಜ್ಜಿನ ಅಡಿಗೆ ಹೋಯಿತು. ಬೋರಲು ಮಲಗಿ ಸ್ಕೇಲಿನಿಂದ ಕೆದಕಿದೆ. ಬಾಟಲಿ ಮುಚ್ಚಳ ಎರಡು, ಅಮ್ಮ ಹೋದ ವರ್ಷ ಕಳೆದುಕೊಂಡ ಓಲೆ ಒಂದು ಸಿಕ್ಕಿತು, ಸ್ಪ್ರಿಂಗು ಸಿಗಲಿಲ್ಲ. ಹಳೇ ಟಾರ್ಚಿನದನ್ನು ಕತ್ತರಿಸಿ ಹಾಕಿದೆ. ಚೂರು ಬಿಗಿಯಾಯಿತು, ಆದರೂ ವಿಮಾನ ವಾಲುವುದು ನಿಲ್ಲಲಿಲ್ಲ. ಕೋಲು ನಡುವಿನಲ್ಲಿ ಸಣ್ಣಗೆ ಅಲ್ಲಾಡಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಕಂಪ್ಯೂಟರಿಗೆ ಹೇಳಲು ಒಂದು ಸೆಟ್ಟಿಂಗ್ ಇದೆ. ಅದನ್ನು ಏರಿಸುತ್ತಾ ಹೋದೆ. ವಿಮಾನ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗತೊಡಗಿತು. ಎರಡು ಸ್ಕ್ರೂ ಉಳಿದವು, ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ.

ಪುಟ್ಟಿ ಕೂತು ನೋಡಿ ಹುಬ್ಬು ಗಂಟಿಕ್ಕಿದಳು.

"ಅಣ್ಣ, ಮೊದಲು ಬೆರಳು ತಾಗಿಸಿದ್ರೆ ಸಾಕಿತ್ತು. ಈಗ ಮೊಣಕೈಯಿಂದ ತಳ್ಬೇಕು."

"ವಿಮಾನ ನೆಟ್ಟಗೆ ಹೋಗ್ತಿದೆಯೋ ಇಲ್ವೋ?"

"ಹೋಗ್ತಿದೆ, ಆದ್ರೆ..."

"ಆದ್ರೆ ಗೀದ್ರೆ ಏನೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಈಗ್ಲೂ ಟೈಮಿದೆ. ಅಂಗಡಿಗೆ ಕೊಡೋಣ."

"ಅವನ ಮೆಟ್ಟಿಲು ಹತ್ತಿದ್ರೆ ನನ್ನ ವಸ್ತು ಮುಟ್ಬೇಡ!"

ಅವಳ ಹತ್ತಿರ ಬೇರೆ ಕೋಲು ಇರಲಿಲ್ಲ. ಹಲ್ಲು ಕಚ್ಚಿಕೊಂಡು ಹನ್ನೊಂದು ದಿನ ಅದರಲ್ಲೇ ಅಭ್ಯಾಸ ಮಾಡಿದಳು. ಕೊನೆಕೊನೆಗೆ ಅಡ್ಡಗಾಳಿಯಲ್ಲೂ ಚೆನ್ನಾಗಿಯೇ ಇಳಿಸಿದಳು. ನೋಡಿದೆಯಾ, ಎಂದು ನಾನು ಮೀಸೆ ತಿರುವಿದೆ.

ಟೆಸ್ಟಿನ ದಿನ ನಾನು ಗಾಜಿನಾಚೆ ಕೂತಿದ್ದೆ. ಶಾಲೆಯ ಸಿಮ್ಯುಲೇಟರಿನ ಕೋಲು ಬೆಣ್ಣೆಯಂತೆ ಮೃದು. ಪುಟ್ಟಿ ಮೊದಲ ತಿರುವಿಗೆ ಮನೆಯಲ್ಲಿದ್ದಂತೆ ಮೊಣಕೈಯಿಂದ ತಳ್ಳಿದಳು, ಪರದೆಯಲ್ಲಿ ಆಕಾಶ ನೆಲ ಅದಲುಬದಲಾಯಿತು. ಗಾಬರಿಯಿಂದ ಈಚೆಗೆ ಎಳೆದಳು, ವಿಮಾನ ಆ ಕಡೆಗೆ ಮಗುಚಿತು.

"ಏನಮ್ಮಾ, ಹಿಟ್ಟು ನಾದ್ತಿದ್ದೀಯಾ?" ಎಂದರು ಪರೀಕ್ಷಕರು.

ಎರಡು ಸಲ ರನ್‌ವೇ ಪಕ್ಕದ ಬಯಲಿಗೆ ಇಳಿಸಿದಳು. ಹಾಳೆಯಲ್ಲಿ 'ಕೈ ಭಾರ, ಆಯ್ಕೆ ಇಲ್ಲ' ಎಂದು ಬರೆದುಕೊಟ್ಟರು.

ಹೊರಗೆ ಬಂದವಳು ನನ್ನ ಮುಖ ಕೂಡ ನೋಡದೆ, "ಅದು ನಿನ್ನ ಸ್ಪ್ರಿಂಗು" ಅಂದಳು.

"ಸೋತಿದ್ದು ನೀನು, ಬೈಸ್ಕೊಳ್ಳೋದು ನನ್ನ ಸ್ಪ್ರಿಂಗಾ? ನಡಿ, ಆ ಕನ್ನಡಕದವನ ಬಾಯಲ್ಲೇ ಹೇಳಿಸ್ತೀನಿ."

ಮನೆಗೆ ಹೋಗಿ ಜಾಯ್‌ಸ್ಟಿಕ್ ತೆಗೆದುಕೊಂಡು ಅವಳನ್ನು ಎಳೆದೊಯ್ದೆ. ಅವನು ಬಿಚ್ಚಿ ನೋಡಿ ನಿಟ್ಟುಸಿರು ಬಿಟ್ಟ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೀರಲ್ಲ ಸಾರ್. ಸವೆದಿದ್ದು ಸೆನ್ಸರ್. ಬಂದೇ ಬರ್ತೀರಾ ಅಂತ ಅವತ್ತೇ ಬಿಡಿಭಾಗ ತರಿಸಿಟ್ಟಿದ್ದೆ."

ಡ್ರಾಯರಿನಿಂದ ಪುಟ್ಟ ಪೊಟ್ಟಣ ತೆಗೆದ. ಸೆನ್ಸರ್ ಹಾಕಿ, ಟಾರ್ಚಿನ ಸ್ಪ್ರಿಂಗು ಕಿತ್ತು ಸರಿಯಾದದ್ದನ್ನು ಕೂರಿಸಿ, ತನ್ನ ಕಂಪ್ಯೂಟರಿಗೆ ಜೋಡಿಸಿ ವಿಮಾನದ ಆಟ ತೆರೆದ. ಎಲ್ಲ ಸೇರಿ ಅರ್ಧ ಗಂಟೆ.

"ಹಿಡ್ಕೊಳ್ಳಮ್ಮ."

ಪುಟ್ಟಿ ಹಿಡಿದಳು. ವಿಮಾನ ಮಗುಚಿತು. ಮತ್ತೆ ಹಿಡಿದಳು, ಮತ್ತೆ ಮಗುಚಿತು.

"ಇದು ಸರಿಯಾಗಿದೆ ತಾಯಿ. ನಿನ್ನ ಕೈಗೆ ಆ ಬಿಗಿ ಅಭ್ಯಾಸ ಆಗ್ಬಿಟ್ಟಿದೆ," ಅಂದ ಮೆಲ್ಲಗೆ. ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನೆಲ ನಿಜಕ್ಕೂ ಡೊಂಕಾಗಿತ್ತು, ಡೊಂಕು ಮಾಡಿದವನು ನಾನು.

ಪುಟ್ಟಿ ಎದ್ದು ಬಂದು ಬಲಗೈಯನ್ನು ನನ್ನ ಮುಂದೆ, ಸ್ಕ್ರೂಗಳ ನಡುವೆ, ಮೇಜಿನ ಮೇಲೆ ಚಾಚಿದಳು.

"ಇದನ್ನೂ ಬಿಚ್ಚಿ ಸರಿ ಮಾಡ್ತೀಯಾ, ಅಣ್ಣಾ?"

ನಾನು ಆ ಕೈ ಹಿಡಿಯಲು ಹೋದೆ. ಅವಳು ಹಿಂದಕ್ಕೆ ಎಳೆದುಕೊಂಡಳು.