ಐದು ಗುಂಡಿಯ ಸ್ವೆಟರ್

ಹೆರಿಗೆ ರಜೆಗೆ ಹೋದವಳ ಜಾಗಕ್ಕೆ ಮೂರೇ ತಿಂಗಳ ಮಟ್ಟಿಗೆ ಬಂದವಳು ಅವಳು. ಕೆಲಸ, ಶಾಲೆಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಅರ್ಧ ದಾರಿ ಹೋಗಿರುತ್ತಿದ್ದರು. ಅದಕ್ಕೇ ಅವಳು, "ಕೈ ಮಾತು ಕೇಳದ ಮಕ್ಕಳಿಗೆ ಗುಂಡಿ ಹಾಕೋದು, ಚಮಚ ಹಿಡಿಯೋದು, ಬರೆಯೋದು ಕಲಿಸ್ತೀನಿ" ಎಂದುಬಿಡುತ್ತಿದ್ದಳು. ಮೂರು ಶಾಲೆ ಸುತ್ತಬೇಕು. ಹೆಗಲಿಗೆ ಒಂದು ದೊಡ್ಡ ಚೀಲ, ಅದರ ತುಂಬ ಜೇಡಿಮಣ್ಣು, ಮಣಿ, ದಾರ, ಕ್ಲಿಪ್ಪು. ಮಕ್ಕಳು 'ಚೀಲದ ಮಿಸ್' ಎಂದು ಹೆಸರಿಟ್ಟಿದ್ದರು. ಈ ಶಾಲೆಯಲ್ಲಿ ಅವಳಿಗೆ ಕೊಟ್ಟಿದ್ದು ಆಟದ ಸಾಮಾನಿನ ಕೋಣೆ. ಗಾಳಿ ಹೋದ ಚೆಂಡುಗಳ ನಡುವೆ ಒಂದು ಗಿಡ್ಡ ಮೇಜು, ಎರಡು ಕುರ್ಚಿ.

ಗುರುವಾರ ಹತ್ತೂವರೆಗೆ ಅಲ್ಲಿಗೆ ಮೆಣಸಿನಕಾಯಿ ಬರುತ್ತಿದ್ದಳು. ಎಂಟು ವರ್ಷದ ಹುಡುಗಿ, ಕೋಪ ಮೂಗಿನ ತುದಿಯಲ್ಲೇ. ಆ ಅಡ್ಡಹೆಸರು ಅವಳಪ್ಪನೇ ಇಟ್ಟದ್ದು. ಹುಟ್ಟಿದಾಗಿನಿಂದ ಅವಳ ಬೆರಳುಗಳಿಗೆ ಶಕ್ತಿಯಿಲ್ಲ. ಪೆನ್ಸಿಲ್ ಕೊಟ್ಟರೆ ಎರಡು ಗೆರೆ ಎಳೆಯುವಷ್ಟರಲ್ಲಿ ಜಾರಿ ಬೀಳುತ್ತಿತ್ತು. ಈ ವರ್ಷ ಬರೆಯಲು ಬಾರದಿದ್ದರೆ ಮತ್ತೆ ಅದೇ ತರಗತಿ ಎಂದು ಅವಳ ಟೀಚರ್ ಖಡಾಖಂಡಿತವಾಗಿ ಹೇಳಿದ್ದರು. ಬಸ್ ಓಡಿಸುವ ಅಪ್ಪ ಒಂದು ದಿನ ಗೇಟಿನ ಹತ್ತಿರ ಸಿಕ್ಕು, "ನಂಗೆ ಹೇಳಿಕೊಡೋ ತಾಳ್ಮೆ ಇಲ್ಲ ಮೇಡಂ, ಅವಳಿಗೆ ನನ್ನ ಹತ್ರ ಕಲಿಯೋ ಮನಸ್ಸಿಲ್ಲ. ನಿಮ್ಮ ಆ ಅರ್ಧ ಗಂಟೆ ಬಿಟ್ರೆ ನಮಗೆ ಬೇರೆ ಗತಿ ಇಲ್ಲ" ಎಂದಿದ್ದ.

ರಜೆಗೆ ಹೋದವಳು ಕಡತದಲ್ಲಿ ಒಂದೇ ಗುರಿ ಬರೆದಿಟ್ಟಿದ್ದಳು: ಸ್ವೆಟರಿನ ಐದು ಗುಂಡಿ ತಾನೇ ಹಾಕಿಕೊಳ್ಳುವುದು. ಬೆರಳು ಮೊದಲು ಅಲ್ಲಿ ಗಟ್ಟಿಯಾಗಬೇಕು, ಆಮೇಲೆ ಪೆನ್ಸಿಲ್. ಒಂಬತ್ತು ಗುರುವಾರ ಅದೇ ಗೋಳು. ಹುಡುಗಿ ಗುಂಡಿಗೆ ಬೈದಳು, ಕಾಜಕ್ಕೆ ಬೈದಳು, ಸ್ವೆಟರ್ ಹೆಣೆದವರ ವಂಶವನ್ನೆಲ್ಲ ಜಾಲಾಡಿದಳು. ಹತ್ತನೇ ಗುರುವಾರ ಐದನೇ ಗುಂಡಿಯೂ ಕಾಜದೊಳಗೆ ಹೋಗಿ ಕೂತಿತು.

ಥೆರಪಿಸ್ಟಿಗೆ ಖುಷಿ ತಡೆಯಲಾಗಲಿಲ್ಲ. ಕಡತ ತೆರೆದು, 'ಸಾಧಿಸಿದೆ' ಎಂಬ ಚೌಕ ತೋರಿಸಿ, "ಬಾರೇ, ನೀನೇ ಗುರುತು ಹಾಕು" ಎಂದಳು. ಹುಡುಗಿ ಸ್ಕೆಚ್ ಪೆನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ನಾಲಿಗೆ ಹೊರಚಾಚಿ, ಚೌಕದಾಚೆಗೂ ಹೋಗುವಷ್ಟು ದೊಡ್ಡ ಗುರುತು ಹಾಕಿದಳು.

ಕಡತ ಕಚೇರಿ ತಲುಪಿತು, ಸೋಮವಾರ ಅಲ್ಲಿಂದ ಕರೆ ಬಂತು. ಮೂರೂ ಶಾಲೆಗಳ ಥೆರಪಿ ಪಟ್ಟಿ ನೋಡಿಕೊಳ್ಳುವ ಅಧಿಕಾರಿಣಿಯನ್ನು ಎಲ್ಲರೂ ಪಟ್ಟಿ ಮೇಡಂ ಎನ್ನುತ್ತಿದ್ದರು. ಕೆಟ್ಟ ಹೆಂಗಸೇನಲ್ಲ, ಪಟ್ಟಿ ಬಿಟ್ಟು ಆಚೀಚೆ ಹೋಗುವವರೂ ಅಲ್ಲ.

"ಒಳ್ಳೇ ಕೆಲಸ ಮಾಡಿದ್ರಿ. ಗುರಿ ಮುಟ್ಟಿತಲ್ಲ, ಆ ಮಗು ಹೆಸರು ಪಟ್ಟಿಯಿಂದ ತೆಗೆದೆ. ಕಾಯ್ತಾ ಇರೋರು ನಲವತ್ತು ಮಕ್ಕಳು."

"ಮೇಡಂ, ಅವಳಿಗೆ ಬರೆಯೋದು ಕಲಿಸೋಕೆ ಇನ್ನೂ ಶುರುನೇ ಮಾಡಿಲ್ಲ!"

"ಗುರಿಯಲ್ಲಿ ಅದು ಇಲ್ವಲ್ಲ? ಹಳಬರು ಯಾರೂ ಆ ಚೌಕ ಮುಟ್ಟಲ್ಲಮ್ಮ. 'ಸ್ವಲ್ಪ ನೆರವು ಬೇಕು' ಅಂತ ಬರೆದು ಹೊಸ ಗುರಿ ಸೇರಿಸ್ತಾರೆ. ನಿಮಗೆ ಯಾರೂ ಹೇಳಲಿಲ್ವಾ?"

ಮೂರು ತಿಂಗಳಿಗೆ ಬಂದವಳಿಗೆ ಯಾರು ಹೇಳುತ್ತಾರೆ? ಶೌಚಾಲಯದ ಬೀಗದ ಕೈ ಎಲ್ಲಿದೆ ಎಂಬುದನ್ನೇ ಅವಳಿಗೆ ಎರಡನೇ ವಾರ ಹೇಳಿದ್ದರು.

ಅವಳು ಅಂಗಲಾಚಿದಳು. ಕೊನೆಗೆ ಪಟ್ಟಿ ಮೇಡಂ, "ತಪ್ಪಾಗಿ ಗುರುತು ಹಾಕಿದೆ ಅಂತ ಬರೆದುಕೊಡಿ. ಗುರುವಾರ ನಾನೇ ಬಂದು ನೋಡ್ತೀನಿ. ಒಂದು ಗುಂಡಿ ತಪ್ಪಿದ್ರೂ ಮತ್ತೆ ಸೇರಿಸ್ಕೋತೀನಿ. ಐದೂ ಹಾಕಿದ್ರೆ ನನ್ನ ಕೈಲಿ ಏನೂ ಇಲ್ಲ" ಎಂದರು.

ಬರೆದುಕೊಟ್ಟಳು. ಒಂದು ಗುಂಡಿ ಬಿಟ್ಟುಬಿಡು ಎಂದು ಹುಡುಗಿಗೆ ಹೇಳಿಬಿಟ್ಟರೆ ಮುಗಿಯಿತು. ಮೂರು ದಿನ ಆ ಮಾತನ್ನೇ ಬಾಯಲ್ಲಿಟ್ಟುಕೊಂಡು ಓಡಾಡಿದಳು. ಗುರುವಾರ ಹತ್ತೂವರೆಗೆ, ಪಟ್ಟಿ ಮೇಡಂ ಇನ್ನೂ ಮೆಟ್ಟಿಲು ಹತ್ತುತ್ತಿರುವಾಗ, ಹುಡುಗಿಯ ಕಿವಿಯ ಹತ್ತಿರ ಬಗ್ಗಿದಳು.

ಹುಡುಗಿಯೇ ಮೊದಲು ಪಿಸುಗುಟ್ಟಿದಳು. "ಹೆದರ್ಕೋಬೇಡಿ ಮಿಸ್. ಆ ಮೇಡಂ ಮುಂದೆ ನಿಮ್ಮ ಮಾನ ತೆಗೆಯಲ್ಲ ನಾನು."

ಥೆರಪಿಸ್ಟ್ ಹೇಳಬೇಕೆಂದಿದ್ದನ್ನು ಹೇಳದೆಯೇ ನೆಟ್ಟಗೆ ನಿಂತಳು.

ಪಟ್ಟಿ ಮೇಡಂ ಕುರ್ಚಿಯಲ್ಲಿ ಕೂತರು. ಹುಡುಗಿ ಮೊದಲನೆಯದು ಹಾಕಿದಳು, ಎರಡನೆಯದು, ಮೂರನೆಯದು. ನಾಲ್ಕನೆಯದು ಜಾರಿತು. ಮತ್ತೆ ಜಾರಿತು. ಬಿಡು ಮಗಳೇ, ಸಾಕು, ಬಿಟ್ಟುಬಿಡು ಎಂದು ಥೆರಪಿಸ್ಟ್ ಮನಸ್ಸಿನಲ್ಲೇ ಬೇಡಿಕೊಂಡಳು. ಇಷ್ಟು ವರ್ಷದಲ್ಲಿ ಒಂದು ಮಗು ಸೋಲಲಿ ಎಂದು ಅವಳು ಬೇಡಿಕೊಂಡದ್ದು ಅದೇ ಮೊದಲು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಹುಡುಗಿ ಒಮ್ಮೆ ಮಿಸ್ಸಿನ ಮುಖ ನೋಡಿದಳು. ಅಲ್ಲಿದ್ದ ಸಂಕಟವನ್ನು ಭಯವೆಂದೇ ತಿಳಿದಳೋ ಏನೋ, ಹಲ್ಲು ಕಚ್ಚಿ ನಾಲ್ಕನೆಯದನ್ನು ತುರುಕಿದಳು. ಐದನೆಯದು ಸಲೀಸಾಗಿ ಹೋಯಿತು.

"ಶಾಭಾಷ್!" ಪಟ್ಟಿ ಮೇಡಂ ಮನಸಾರೆ ಚಪ್ಪಾಳೆ ಹೊಡೆದರು. ಥೆರಪಿಸ್ಟಿನ ಕಡೆ ತಿರುಗಿ, ಇನ್ನು ತನ್ನ ಕೈಲಿಲ್ಲ ಎಂಬಂತೆ ತಲೆಯಾಡಿಸಿ, ಕಡತ ಮುಚ್ಚಿಕೊಂಡು ಹೊರಟುಹೋದರು.

"ಮಿಸ್, ನೀವ್ಯಾಕೆ ಚಪ್ಪಾಳೆ ಹೊಡೀಲಿಲ್ಲ? ಚೆನ್ನಾಗಿ ಹಾಕಲಿಲ್ವಾ ನಾನು?"

"ತುಂಬ ಚೆನ್ನಾಗಿ ಹಾಕಿದೆ ಕಣೇ." ಅವಳು ಚಪ್ಪಾಳೆ ಹೊಡೆದಳು. ಕಣ್ಣು ತುಂಬಿದ್ದನ್ನು ಹುಡುಗಿ ನೋಡಿಬಿಟ್ಟಳು, ಖುಷಿಗೇ ಎಂದುಕೊಂಡು ಬೀಗಿದಳು.

"ಸರಿ, ಈಗ ಪೆನ್ಸಿಲ್ ಕೊಡಿ."

ಥೆರಪಿಸ್ಟ್ ಗಡಿಯಾರ ನೋಡಿದಳು. ಇನ್ನು ಹನ್ನೊಂದು ನಿಮಿಷವಿತ್ತು. ಕುರ್ಚಿಯನ್ನು ಹುಡುಗಿಯ ಪಕ್ಕಕ್ಕೆ ಎಳೆದುಕೊಂಡು, ಪೆನ್ಸಿಲ್ ಹೇಗೆ ಹಿಡಿಯಬೇಕೆಂದು ತೋರಿಸಲು ಶುರುಮಾಡಿದಳು.